ಹೆಸರಿಲ್ಲದ ಗಿಟಾರ್ ಒಂದರ ಮೂಲವನ್ನು ಹುಡುಕಿದ ಬಗೆ

2023ರ ಬೇಸಿಗೆಯಲ್ಲಿ, ಲಾಸ್ ಏಂಜಲೀಸ್ ಪಕ್ಕದ ಡೌನಿ ಪಟ್ಟಣದ ಕಡೆಯ ವೃದ್ಧೆಯೊಬ್ಬರು ತೀರಿಹೋದ ತಮ್ಮ ಪತಿಯ ಎಲೆಕ್ಟ್ರಿಕ್ ಗಿಟಾರನ್ನು ನನ್ನ ಕಾರ್ಯಾಗಾರಕ್ಕೆ ತಂದುಕೊಟ್ಟರು. ಅದರ ಮೇಲೆ ತಯಾರಕರ ಹೆಸರಾಗಲಿ ಕ್ರಮಸಂಖ್ಯೆಯಾಗಲಿ ಇರಲಿಲ್ಲ. ಅದನ್ನು ಗಿಟಾರ್ ತಯಾರಕ ಪಾಲ್ ಬಿಗ್ಸ್‌ಬಿಯವರೇ ಮಾಡಿದ್ದೆಂದು ಪತಿ ಕೊನೆಯವರೆಗೂ ಹೇಳುತ್ತಿದ್ದರೆಂದೂ, ನೆರೆಮನೆಯವರಿಂದ ಕೊಂಡ ಮೇಲೆ ಅದನ್ನು ಯಾರೂ ಬಿಚ್ಚಿಲ್ಲವೆಂದೂ ಆಕೆ ತಿಳಿಸಿದರು. ಹಳೆಯ ತಂತಿವಾದ್ಯಗಳ ದುರಸ್ತಿಯನ್ನೇ ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಮಾಡಿಕೊಂಡು ಬಂದಿರುವ ನನಗೆ ಇಂತಹ ಮಾತು ಹೊಸದಲ್ಲ. ಆದರೆ ಈ ವಾದ್ಯವನ್ನು ಕೈಗೆತ್ತಿಕೊಂಡ ಕ್ಷಣದಲ್ಲಿ ಆ ಮಾತು ನಿಜವಿರಬಹುದೆಂದು ನನಗೂ ಅನ್ನಿಸಿತು.

ಹಾಗೆ ಅನ್ನಿಸುವುದಕ್ಕೆ ಕಾರಣಗಳಿದ್ದವು. ಬಿಗ್ಸ್‌ಬಿ ಡೌನಿಯಲ್ಲೇ ಕೆಲಸ ಮಾಡುತ್ತಿದ್ದವರು. ವೃತ್ತಿಯಿಂದ ಪ್ಯಾಟರ್ನ್ ಮೇಕರ್, ಅಂದರೆ ಲೋಹದ ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಕೆತ್ತುವ ಕುಶಲಕರ್ಮಿ. 1948ರಲ್ಲಿ ಗಾಯಕ ಮೆರ್ಲ್ ಟ್ರಾವಿಸ್ ಅವರಿಗಾಗಿ ಅವರು ಮಾಡಿದ ಗಿಟಾರ್, ಇನ್ನೊಬ್ಬ ತಯಾರಕ ಲಿಯೊ ಫೆಂಡರ್ ಅವರ ಎಲೆಕ್ಟ್ರಿಕ್ ಗಿಟಾರ್ ಬ್ರಾಡ್‌ಕಾಸ್ಟರ್ 1950ರಲ್ಲಿ ಮಾರುಕಟ್ಟೆಗೆ ಬರುವುದಕ್ಕೂ ಮೊದಲಿನದು. ಹಕ್ಕಿಗಣ್ಣಿನಂತಹ ಚುಕ್ಕೆಗಳಿರುವ ಮೇಪಲ್ ಮರ, ಆರೂ ಬಿರಡೆಗಳು ಒಂದೇ ಬದಿಗೆ ಸಾಲಾಗಿ ಕೂತ ತಲೆ, ಎರಕ ಹೊಯ್ದ ಅಲ್ಯೂಮಿನಿಯಂ ಕವಚದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಇವೆಲ್ಲವೂ ನನ್ನ ಮೇಜಿನ ಮೇಲಿದ್ದ ಗಿಟಾರಿನಲ್ಲೂ ಇದ್ದವು.

ಇಂತಹ ಹೊತ್ತಿನಲ್ಲಿ ನಾನು ಪಾಲಿಸುವ ನಿಯಮ ಒಂದೇ: ಸ್ಕ್ರೂಡ್ರೈವರ್ ಹಿಡಿಯುವುದಕ್ಕೆ ಮುಂಚೆ ಕ್ಯಾಮೆರಾ ಹಿಡಿಯಬೇಕು. ಈ ವೃತ್ತಿಯ ಮೊದಲ ವರ್ಷಗಳಲ್ಲಿ, ಬೇರೊಂದು ವಾದ್ಯದ ಪಾಟಿನ, ಅಂದರೆ ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯಡಿಯ ಬಿಡಿಭಾಗದ, ಮೇಲಿದ್ದ ಅಂಕಿಗಳನ್ನು ಓದುವ ಆತುರದಲ್ಲಿ, ಅವುಗಳನ್ನು ಮುಚ್ಚಿದ್ದ ಮೂಲ ಬೆಸುಗೆಯನ್ನು ನಾನು ಕರಗಿಸಿಬಿಟ್ಟಿದ್ದೆ. ಅಂಕಿ ಸಿಕ್ಕಿತು, ಆದರೆ ಆ ಪಾಟ್ ಮೊದಲಿನಿಂದಲೂ ಅಲ್ಲೇ ಇತ್ತು ಎಂಬುದಕ್ಕಿದ್ದ ಸಾಕ್ಷಿ ನನ್ನ ಕೈಯಿಂದಲೇ ಅಳಿಸಿಹೋಯಿತು. ಅಂದಿನಿಂದ ಪ್ರತಿಯೊಂದು ಸ್ಕ್ರೂವಿನ ಜಾಗವನ್ನೂ ಗುರುತು ಹಾಕಿ, ಚಿತ್ರ ತೆಗೆದು, ಆಮೇಲಷ್ಟೇ ಬಿಚ್ಚುತ್ತೇನೆ.

ಮೊದಲು ಕೋಣೆಯನ್ನು ಕತ್ತಲು ಮಾಡಿ ನೇರಳಾತೀತ ದೀಪದಡಿ ಇಡೀ ವಾದ್ಯವನ್ನು ನೋಡಿದೆ. ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಆ ಬೆಳಕಿನಲ್ಲಿ ಹಳದಿ ಬೆರೆತ ಹಸಿರಾಗಿ ಹೊಳೆಯುತ್ತದೆ. ಹೊಸದಾಗಿ ಬಳಿದ ಜಾಗಗಳು ಕಪ್ಪಾಗಿ ಉಳಿಯುತ್ತವೆ. ಕತ್ತಿನ ಹಿಂಬದಿಯಲ್ಲಿ ಬೆರಳುಗಳು ತಾಗಿ ಸವೆದಿದ್ದ ಭಾಗವನ್ನು ಬಿಟ್ಟರೆ ಉಳಿದುದೆಲ್ಲ ಒಂದೇ ಸಮನಾಗಿ ಹೊಳೆಯಿತು. ಪಿಕ್‌ಗಾರ್ಡಿನ (ಬಾಡಿಯ ಮೇಲೆ ಕೂರಿಸುವ ರಕ್ಷಣಾ ಫಲಕದ) ಸ್ಕ್ರೂಗಳ ತಲೆಯಲ್ಲಿ ಒಂದೇ ಸೀಳಿತ್ತು. ಕೂಡಿಸುವ ಚಿಹ್ನೆಯಂತೆ ಅಡ್ಡ ಸೀಳುಗಳಿರುವ ಫಿಲಿಪ್ಸ್ ತಲೆಯ ಸ್ಕ್ರೂ 1930ರ ದಶಕದಲ್ಲೇ ಕಾರ್ ಕಾರ್ಖಾನೆಗಳಿಗೆ ಬಂದಿದ್ದರೂ ಬ್ರಾಡ್‌ಕಾಸ್ಟರ್ ಗಿಟಾರ್‌ಗಳಲ್ಲಿ ಒಂಟಿ ಸೀಳಿನವೇ ಇದ್ದವು. ಆದ್ದರಿಂದ ಇದು ಆ ಕಾಲಕ್ಕೆ ಒಪ್ಪುವ ಗುರುತು ಹೌದು, ಕಾಲವನ್ನು ಸಾಬೀತುಪಡಿಸುವ ಗುರುತಲ್ಲ.

ಪಿಕ್‌ಗಾರ್ಡನ್ನು ಎತ್ತಿದಾಗ ಎರಡು ಪಾಟ್‌ಗಳು ಕಂಡವು. ಧ್ವನಿಯ ಏರಿಳಿತಕ್ಕೂ ನಾದದ ಬದಲಾವಣೆಗೂ ಇರುವ ಈ ಪೊಟೆನ್ಷಿಯೊಮೀಟರ್‌ಗಳ ಮೇಲೆ ಅಮೆರಿಕದ ತಯಾರಕರು ಒತ್ತುತ್ತಿದ್ದ ಸಂಕೇತವನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಮೊದಲ ಮೂರು ಅಂಕಿಗಳು ಕಂಪನಿಯನ್ನು ಹೇಳುತ್ತವೆ: 304 ಎಂದರೆ ಸ್ಟಾಕ್‌ಪೋಲ್, 137 ಎಂದರೆ ಸಿಟಿಎಸ್, 134 ಎಂದರೆ ಸೆಂಟ್ರಲ್ಯಾಬ್. ಕೊನೆಯ ಎರಡು ಅಂಕಿಗಳು ವರ್ಷದ ಎಷ್ಟನೆಯ ವಾರವೆಂಬುದನ್ನು ಹೇಳುತ್ತವೆ. ನಡುವೆ ಇರುವುದು ವರ್ಷ. ಹಳೆಯ ಪಾಟ್‌ಗಳಲ್ಲಿ ಅದಕ್ಕೆ ಒಂದೇ ಅಂಕಿ, ನಂತರದವುಗಳಲ್ಲಿ ಎರಡು. ಒಂದು ಪಾಟಿನ ಮೇಲೆ 304922 ಎಂದಿತ್ತು: ಸ್ಟಾಕ್‌ಪೋಲ್, 9ರಲ್ಲಿ ಕೊನೆಯಾಗುವ ವರ್ಷ, 22ನೆಯ ವಾರ. 1939ರಲ್ಲಿ ಇಂತಹ ಬಾಡಿಯ ಗಿಟಾರ್ ಇರುವ ಸಂಭವ ತೀರ ಕಡಿಮೆಯಾದ್ದರಿಂದ ಅದನ್ನು 1949 ಎಂದು ಓದಿದೆ. ಇನ್ನೊಂದರ ಮೇಲೆ 1376217 ಎಂದಿತ್ತು. ಅದು ಸಿಟಿಎಸ್‌ನದು, 1962ರ 17ನೆಯ ವಾರದ್ದು. ಅದರ ಬೆಸುಗೆ ಹೊಳಪಾಗಿತ್ತು, ತಂತಿಗೆ ಪ್ಲಾಸ್ಟಿಕ್ ಹೊದಿಕೆಯಿತ್ತು. ಮೊದಲನೆಯದರ ಬೆಸುಗೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು, ತಂತಿಗೆ ಬಟ್ಟೆಯ ಹೊದಿಕೆಯಿತ್ತು.

ಅಂದರೆ 1962ರಲ್ಲಿಯೋ ಆಮೇಲೋ ಯಾರೋ ಈ ಗಿಟಾರನ್ನು ಬಿಚ್ಚಿದ್ದರು. ಕುಟುಂಬದ ಮಾತಿನಲ್ಲಿ ಒಂದು ಭಾಗ ತಪ್ಪೆಂದು ಅಲ್ಲಿಗೆ ಖಚಿತವಾಯಿತು. ಅವರು ಸುಳ್ಳು ಹೇಳಿದರೆಂದು ಇದರರ್ಥವಲ್ಲ, ಮನೆಯ ನೆನಪು ಹೀಗೆಯೇ ಇರುತ್ತದೆ. 1949ರ ಪಾಟ್ ಕೂಡ ಗಿಟಾರ್ ಹುಟ್ಟಿದ ದಿನವನ್ನು ಹೇಳುವುದಿಲ್ಲ. ಅದಕ್ಕಿಂತ ಮುಂಚೆ ಅದು ಸಿದ್ಧವಾಗಿರಲಾರದು ಎಂದಷ್ಟೇ ಹೇಳುತ್ತದೆ. ಫೆಂಡರ್ ಕಾರ್ಖಾನೆಯು 1966ರ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡು, ಮುಂದಿನ ಕೆಲವು ವರ್ಷಗಳ ಗಿಟಾರ್‌ಗಳಲ್ಲೂ ಅವನ್ನೇ ಬಳಸಿದ ಸಂಗತಿ ಈ ಕ್ಷೇತ್ರದಲ್ಲಿರುವವರಿಗೆಲ್ಲ ತಿಳಿದದ್ದೇ.

ಬಿಗ್ಸ್‌ಬಿಯ ಹೆಸರಿಗೆ ನಿಜವಾದ ತೊಡಕು ಬಂದದ್ದು ಮರಗೆಲಸದಲ್ಲಿ. ಟ್ರಾವಿಸ್ ಅವರ ಗಿಟಾರಿನಲ್ಲಿ ಕತ್ತಿನ ಮರವೇ ಬಾಡಿಯ ಉದ್ದಕ್ಕೂ ಹಾದುಹೋಗಿದೆ. ನನ್ನ ಮುಂದಿದ್ದ ಗಿಟಾರಿನಲ್ಲಿ ಕತ್ತನ್ನು ಬೇರೆಯಾಗಿ ಮಾಡಿ, ಬಾಡಿಯಲ್ಲಿ ತೋಡಿದ ಗುಳಿಗೆ ಕೂರಿಸಿ, ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರು. ಬಿಗ್ಸ್‌ಬಿ ತಮ್ಮ ವಾದ್ಯಗಳ ಮೇಲೆ ಒತ್ತುತ್ತಿದ್ದ ಸಂಖ್ಯೆ ವಾದ್ಯ ಮುಗಿದ ದಿನಾಂಕವೇ ಆಗಿರುತ್ತಿತ್ತು. ಟ್ರಾವಿಸ್ ಅವರ ಗಿಟಾರಿನದು ಅಮೆರಿಕದ ಕ್ರಮದಂತೆ ತಿಂಗಳು ಮೊದಲಾಗಿ, 1948ರ ಮೇ 25. ಇಲ್ಲಿ ಅಂತಹ ಯಾವ ಅಂಕಿಯೂ ಇರಲಿಲ್ಲ, ಉಜ್ಜಿ ಅಳಿಸಿದ ಕುರುಹೂ ಇರಲಿಲ್ಲ. ತಲೆಯ ಆಕಾರವನ್ನು ನಾನು ಸಾಕ್ಷಿಯೆಂದು ಎಣಿಸಲಿಲ್ಲ. ಒಂದೇ ಬದಿಯ ಬಿರಡೆಗಳು ಹತ್ತೊಂಬತ್ತನೆಯ ಶತಮಾನದ ವಿಯೆನ್ನಾದ ಗಿಟಾರ್‌ಗಳಲ್ಲೇ ಇದ್ದವು; ಅಲ್ಲದೆ ರೇಡಿಯೊ ಕೇಂದ್ರಗಳಲ್ಲೂ ನೃತ್ಯಶಾಲೆಗಳಲ್ಲೂ ಟ್ರಾವಿಸ್ ಅವರನ್ನು ಕಂಡ ಯಾವ ಕುಶಲಿಯೂ ಅದನ್ನು ಅನುಕರಿಸಬಹುದಿತ್ತು.

ಕತ್ತನ್ನು ಬಿಚ್ಚಿದಾಗ ಗುಳಿಯ ತಳದಲ್ಲಿ ಪೆನ್ಸಿಲಿನಿಂದ ಬರೆದ ಎರಡು ಅಕ್ಷರಗಳೂ 2 ಎಂಬ ಅಂಕಿಯೂ ಸಿಕ್ಕವು. ಆ ಅಕ್ಷರಗಳು ಬಿಗ್ಸ್‌ಬಿಯವರ ಹೆಸರಿಗೆ ಹೊಂದುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಆ ಬರಹವನ್ನು ಎಷ್ಟೋ ಹೊತ್ತು ನೋಡುತ್ತ ಕುಳಿತೆ. ಎಪ್ಪತ್ತು ವರ್ಷಗಳ ಹಿಂದೆ ಯಾರೋ ಒಬ್ಬರು ಕತ್ತನ್ನು ಕೂರಿಸುವ ಮುನ್ನ ತಮ್ಮದೆಂದು ಬರೆದಿಟ್ಟ ಗುರುತು ಅದು.

ಅಲ್ಲಿಂದ ಮುಂದಿನದು ಕಾಗದದ ಕೆಲಸ. ಜಮೀನಿನ ಪಹಣಿ, ಮುಟೇಷನ್‌ಗಳನ್ನು ಹಿಂದಕ್ಕೆ ಹಿಂದಕ್ಕೆ ಓದಿ ರೂಢಿಯಿರುವವರಿಗೆ ಇದು ಅಪರಿಚಿತವೆನ್ನಿಸದು. ಅಮೆರಿಕದ ಜನಗಣತಿಯ ಮನೆವಾರು ಹಾಳೆಗಳನ್ನು 72 ವರ್ಷಗಳ ಕಾಲ ಮುಚ್ಚಿಡುತ್ತಾರೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ಬಿಡುಗಡೆಯಾದವು. ಅವುಗಳಲ್ಲಿ ಹದಿನಾಲ್ಕು ವರ್ಷ ಮೇಲ್ಪಟ್ಟವರ ಉದ್ಯೋಗವೂ ಯಾವ ಉದ್ದಿಮೆಯಲ್ಲಿ ಎಂಬುದೂ ದಾಖಲಾಗಿದೆ. ರಾಷ್ಟ್ರೀಯ ದಾಖಲೆ ಸಂಗ್ರಹಾಲಯವು ಕೈಬರಹವನ್ನು ಯಂತ್ರದಿಂದ ಓದಿಸಿ ಹೆಸರುಗಳ ಸೂಚಿಯನ್ನು ಮಾಡಿದೆಯಾದರೂ, ಯಂತ್ರವು ಹೆಸರನ್ನು ತಪ್ಪಾಗಿ ಓದಿದ ಉದಾಹರಣೆಗಳು ಹೇರಳವಾಗಿರುವುದರಿಂದ ನಾನು ಹೆಸರಿನಿಂದ ಹುಡುಕಲಿಲ್ಲ. ದಂಪತಿಗಳು ಆಗ ವಾಸವಿದ್ದ ಬೀದಿಯ ಹೆಸರನ್ನು ಆ ವೃದ್ಧೆಯಿಂದ ಕೇಳಿಕೊಂಡು, ನಕಾಶೆಯಲ್ಲಿ ಅದು ಯಾವ ಗಣತಿ ವಿಭಾಗಕ್ಕೆ ಸೇರುತ್ತದೆಂದು ಕಂಡುಕೊಂಡು, ಆ ವಿಭಾಗದ ಒಂದೊಂದೇ ಹಾಳೆಯನ್ನು ಓದಿದೆ. ಅದೇ ಬೀದಿಯಲ್ಲಿ, ನಾಲ್ಕು ಮನೆಗಳಾಚೆ, ಆ ಎರಡು ಅಕ್ಷರಗಳಿಗೆ ಹೊಂದುವ ಹೆಸರೊಂದು ಸಿಕ್ಕಿತು. ಉದ್ಯೋಗದ ಅಂಕಣದಲ್ಲಿ ಪ್ಯಾಟರ್ನ್ ಮೇಕರ್ ಎಂದಿತ್ತು; ಉದ್ದಿಮೆ, ವಿಮಾನ ತಯಾರಿಕೆ.

ಇದು ಕೇವಲ ಕಾಕತಾಳೀಯವೆಂದು ನನಗೆ ಅನ್ನಿಸಲಿಲ್ಲ. ಡೌನಿಯಲ್ಲಿ ವಲ್ಟೀ ಕಂಪನಿಯ ದೊಡ್ಡ ವಿಮಾನ ಕಾರ್ಖಾನೆಯಿತ್ತು, ಯುದ್ಧಕಾಲದಲ್ಲಿ ಆ ಪ್ರದೇಶಕ್ಕೆ ಸಾವಿರಾರು ಕುಶಲಕರ್ಮಿಗಳು ಬಂದು ನೆಲೆಸಿದ್ದರು. ಮೇಪಲ್ ಮರವನ್ನು ಕೂದಲೆಳೆಯ ಅಳತೆಗೆ ಕೆತ್ತುವುದು, ಮರಳಿನ ಅಚ್ಚಿನಲ್ಲಿ ಅಲ್ಯೂಮಿನಿಯಂ ಎರಕ ಹೊಯ್ಯುವುದು ಅವರಿಗೆ ದಿನನಿತ್ಯದ ಕೆಲಸ. ಪಿಕಪ್ಪಿನ ಕವಚದ ಒಳಮೈಯಲ್ಲಿ ಮರಳಿನ ತರಿಯೂ ಅರದ ಗೀರುಗಳೂ ಸ್ಪಷ್ಟವಾಗಿದ್ದವು. ಎರಡು ವಾದ್ಯಗಳು ಒಂದನ್ನೊಂದು ಹೋಲುವುದಕ್ಕೆ ಇಬ್ಬರ ಕಸುಬು ಒಂದೇ ಆಗಿದ್ದುದೇ ಸಾಕಷ್ಟು ಕಾರಣವಾಗಬಲ್ಲುದು. ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಹಳೆಯ ವಿಳಾಸ ಪುಸ್ತಕದಲ್ಲಿಯೂ ಅದೇ ಮನೆ, ಅದೇ ಹೆಸರು, ಅದೇ ಕಸುಬು ಸಿಕ್ಕಿತು.

ಇಷ್ಟಾದ ಮೇಲೂ ನನ್ನ ವರದಿಯಲ್ಲಿ ಆ ನೆರೆಯವರೇ ಮಾಡಿದರೆಂದು ಬರೆಯಲಿಲ್ಲ. ಅವರು ಮಾಡಿರುವ ಸಂಭವ ಹೆಚ್ಚು, ಕಾಲ 1949ರ ಮಧ್ಯಭಾಗ ಅಥವಾ ಅದರ ನಂತರ, ಬಿಗ್ಸ್‌ಬಿಯವರದಲ್ಲ ಎಂದು ಬರೆದೆ. ಬಿಗ್ಸ್‌ಬಿಯ ಗಿಟಾರ್ ಎಂದಾಗಿದ್ದರೆ ಸಿಗುತ್ತಿದ್ದ ಬೆಲೆಗೂ ಇದರ ಬೆಲೆಗೂ ಅಜಗಜಾಂತರವಿರುವುದರಿಂದ ಆ ಮಾತನ್ನು ಫೋನಿನಲ್ಲಿ ಹೇಳದೆ, ಚಿತ್ರಗಳನ್ನು ತೆಗೆದುಕೊಂಡು ಆ ವೃದ್ಧೆಯ ಮನೆಗೇ ಹೋದೆ. ಪೆನ್ಸಿಲ್ ಬರಹದ ಚಿತ್ರವನ್ನು ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ನೆರೆಯವರ ಹೆಸರನ್ನು, ನಾನು ಬಾಯಿಬಿಡುವ ಮೊದಲೇ, ಅವರಾಗಿಯೇ ಹೇಳಿದರು. ನೆರೆಯವರ ಗ್ಯಾರೇಜಿನಿಂದ ರಾತ್ರಿ ಹೊತ್ತು ಗರಗಸದ ಸದ್ದು ಬರುತ್ತಿತ್ತೆಂಬುದೂ ಆಕೆಗೆ ನೆನಪಿತ್ತು.

ಗಿಟಾರನ್ನು ಹಳೆಯ ಸ್ಕ್ರೂಗಳಿಂದಲೇ, ಅವು ಮೊದಲಿದ್ದ ರಂಧ್ರಗಳಲ್ಲೇ ಮರಳಿ ಬಿಗಿದುಕೊಟ್ಟಿದ್ದೇನೆ. 1962ರ ಪಾಟನ್ನೂ ಬದಲಿಸಿಲ್ಲ. ಗುಳಿಯಲ್ಲಿದ್ದ 2 ಎಂಬ ಅಂಕಿಯ ಕಾರಣಕ್ಕಾಗಿ, ಅದೇ ಕೈಯ ಇನ್ನೊಂದು ಗಿಟಾರ್ ಎಲ್ಲಿಯಾದರೂ ಇದೆಯೇ ಎಂದು ಹುಡುಕುತ್ತಲೇ ಇದ್ದೇನೆ.