ಬೋರ್ಡಿನ ಮೇಲೆ ಇವತ್ತಿನ ದಿನ

ಜೂನ್ 18ರ ಬೆಳಿಗ್ಗೆ ನಮ್ಮ ಶಾಲೆಯ ವರಾಂಡದ ಬೋರ್ಡಿನಲ್ಲಿ ಒಂದೇ ಸಾಲು ಇರುತ್ತದೆ. ‘1983, ಟನ್‌ಬ್ರಿಜ್ ವೆಲ್ಸ್. ಭಾರತ 17ಕ್ಕೆ 5.’ ಯಾರ ವಿರುದ್ಧ, ಕ್ರೀಸಿನಲ್ಲಿ ಯಾರಿದ್ದಾರೆ, ಏನೂ ಬರೆಯುವುದಿಲ್ಲ. ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುವಾಗ ಓದಿಕೊಂಡು ಹೋಗುತ್ತಾರೆ. ಬೆಳಗಿನ ಬಿಡುವಿನ ಹೊತ್ತಿಗೆ ಅದನ್ನು ಒರೆಸಿ ‘78ಕ್ಕೆ 7’ ಎಂದು ಬರೆಯುತ್ತೇನೆ. ಬಿಸಿಯೂಟಕ್ಕೆ ತಟ್ಟೆ ಹಿಡಿದು ಬರುವಾಗ ‘140ಕ್ಕೆ 8’. ಸಂಜೆ ಮನೆಗೆ ಬಿಡುವ ಮುಂಚೆ ‘60 ಓವರ್, 266ಕ್ಕೆ 8. ಕಪಿಲ್ ದೇವ್ ಔಟಾಗದೆ 175.’

ನಾನು ಸರ್ಕಾರಿ ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರು. ದಿನಕ್ಕೊಂದು ಆಟದ ನೆನಪು ಬರೆಯುವ ಈ ಕೆಲಸ ಶುರು ಮಾಡಿ ಎಂಟು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ಮಕ್ಕಳನ್ನು ಜೂನ್ 18ರಷ್ಟು ಹಿಡಿದು ನಿಲ್ಲಿಸಿದ ದಿನ ಇನ್ನೊಂದಿಲ್ಲ. ಆ ಪಂದ್ಯದ ವಿಡಿಯೊ ಇಲ್ಲ. ಬಿಬಿಸಿಯ ಕ್ಯಾಮೆರಾ ಅಂದು ಅಲ್ಲಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ ನೋಡೋಣ ಅಂದರೆ ಸಿಗುವುದಿಲ್ಲ, ಹಾಗಾಗಿ ಕೇಳಿಯೇ ತಿಳಿಯಬೇಕು. ಸಂಜೆ ಆಟದ ಪಿರಿಯಡ್ಡಿನಲ್ಲಿ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ ಹೇಳುತ್ತೇನೆ. ಗಾವಸ್ಕರ್ ಸೊನ್ನೆ, ಶ್ರೀಕಾಂತ್ ಸೊನ್ನೆ. ಎದುರಿಗೆ ಜಿಂಬಾಬ್ವೆ, ಸೋತರೆ ವಿಶ್ವಕಪ್ಪಿನ ದಾರಿ ಮುಚ್ಚಿದ ಹಾಗೆ. ಕಪಿಲ್ ಜೊತೆ ನಮ್ಮ ರೋಜರ್ ಬಿನ್ನಿ 60 ರನ್ ಸೇರಿಸಿದ್ದು, ಆಮೇಲೆ ನಮ್ಮ ಕಿರ್ಮಾನಿ ಬಂದು ನಿಂತಿದ್ದು. ಇಬ್ಬರೂ ಔಟಾಗದೆ ಒಂಬತ್ತನೇ ವಿಕೆಟ್ಟಿಗೆ 126 ರನ್. ಅದರಲ್ಲಿ ಕಿರ್ಮಾನಿಯದು 24. ಆ 24 ಎಷ್ಟು ದೊಡ್ಡದು ಅಂತ ಮಕ್ಕಳಿಗೆ ಗೊತ್ತಾಗಬೇಕು, ನನಗೆ ಅದೇ ಮುಖ್ಯ. ಯಾಕೆಂದರೆ ನನ್ನ ಎದುರು ಕೂತವರಲ್ಲಿ ಕಪಿಲ್ ಆಗುವವರು ಕಡಿಮೆ. ಕಿರ್ಮಾನಿ ಆಗಬೇಕಾದ ದಿನ ಎಲ್ಲರಿಗೂ ಬರುತ್ತದೆ.

ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಉದ್ದನೆಯ ಒಂದು ಲೆಕ್ಕದ ಪುಸ್ತಕ. ಪ್ರತಿ ಪುಟದ ಮೇಲೆ ಒಂದೊಂದು ತಾರೀಖು ಹಾಕಿದೆ, ಫೆಬ್ರವರಿ 29 ಸೇರಿ 366 ಪುಟ. ಗೊತ್ತಿದ್ದದ್ದನ್ನೆಲ್ಲ ಮೊದಲ ವಾರವೇ ತುಂಬಿಸಿಬಿಟ್ಟೆ. ಆಮೇಲೆ ತಿಳಿಯಿತು, ಏನಾಯಿತು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ, ಯಾವತ್ತು ಅನ್ನುವುದು ಇರುವುದಿಲ್ಲ. ಟೆಸ್ಟ್ ಪಂದ್ಯ ಐದು ದಿನ ನಡೆಯುತ್ತದೆ. ಅದರಲ್ಲಿ ಯಾವ ದಿನದ ಪುಟಕ್ಕೆ ಬರೆಯೋದು?

ಇದನ್ನು ನನಗೆ ಕಲಿಸಿದವರು ಒಬ್ಬ ಅಜ್ಜ. ಎರಡನೇ ವರ್ಷ ಆಗಸ್ಟ್ 24ರಂದು ಬೋರ್ಡಿನಲ್ಲಿ ಬರೆದಿದ್ದೆ: ‘1971, ಓವಲ್. ಮೈಸೂರಿನ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಆಲೌಟ್.’ ಮೊಮ್ಮಗಳನ್ನು ಬಿಡಲು ಬಂದಿದ್ದ ಅಜ್ಜ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದರು. “ಮೇಷ್ಟ್ರೇ, ವಿಕೆಟ್ ಬಿದ್ದಿದ್ದು ಹಿಂದಿನ ದಿನ. ಗೆದ್ದಿದ್ದು ಇವತ್ತು. ಗಣೇಶನ ಹಬ್ಬ ಕಣ್ರೀ ಅವತ್ತು. ನಾವೆಲ್ಲ ರೇಡಿಯೊ ಮುಂದೆ ಕೂತಿದ್ವಿ” ಅಂದರು. ಹುಡುಕಿ ನೋಡಿದರೆ ಅವರು ಹೇಳಿದ್ದೇ ಸರಿ. ಬೌಲಿಂಗ್ 23ರ ಸೋಮವಾರ, ಗೆಲುವು 24ರ ಮಂಗಳವಾರ. ಇಂಗ್ಲೆಂಡ್ ನೆಲದಲ್ಲಿ ನಮಗೆ ಅದು ಮೊದಲ ಟೆಸ್ಟ್ ಗೆಲುವು. ಚೌತಿ ಅಂತ ಅಂದು ಓವಲ್ ಮೈದಾನಕ್ಕೆ ಬೆಲ್ಲಾ ಎಂಬ ಆನೆಯನ್ನೂ ಕರೆತಂದಿದ್ದರು. ಈಗ ನನ್ನ ಪುಸ್ತಕದಲ್ಲಿ ಅದಕ್ಕೆ ಎರಡು ಪುಟ ಇವೆ. 23ರಂದು ಚಂದ್ರ. ಪೋಲಿಯೊ ಬಂದು ಸಣಕಲಾದ ಅದೇ ಬಲಗೈಯಲ್ಲಿ ಬೌಲ್ ಮಾಡಿದ್ದು. 24ರಂದು ಆನೆ. ಚಿಕ್ಕ ಮಕ್ಕಳಿಗೆ ಆನೆಯೇ ಜಾಸ್ತಿ ಇಷ್ಟ, ಇರಲಿ.

ಅಂದಿನಿಂದ ಎರಡು ಕಡೆ ತಾಳೆ ನೋಡದೆ ಯಾವುದನ್ನೂ ಬರೆಯುವುದಿಲ್ಲ. ಅಮೆರಿಕದ ಆಟಗಳಿಗಂತೂ ಇನ್ನೂ ಹುಷಾರು. ಪಿ.ಟಿ. ಉಷಾ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡದ್ದು 1984ರ ಆಗಸ್ಟ್ 8ಕ್ಕೆ. ಆದರೆ ಅಲ್ಲಿ ಮಧ್ಯಾಹ್ನ ದಾಟಿದರೆ ಇಲ್ಲಿ ಆಗಲೇ ಮರುದಿನ. ಆಟ ನಡೆದ ಊರಿನ ತಾರೀಖನ್ನೇ ಹಾಕುವುದು ಅಂತ ಒಂದು ನಿಯಮ ಮಾಡಿಕೊಂಡಿದ್ದೇನೆ. ಅವತ್ತು ಬೋರ್ಡಿನಲ್ಲಿ ಬರೆಯುವುದು ಎರಡೇ ಅಂಕಿ: 55.41, 55.42. ಮೊದಲನೆಯದಕ್ಕೆ ಕಂಚು ಸಿಕ್ಕಿತು. ಎರಡನೆಯದು ಉಷಾ. ಸ್ಟಾಪ್‌ವಾಚ್ ಮಕ್ಕಳ ಕೈಗೇ ಕೊಟ್ಟು, ಒತ್ತಿದ ತಕ್ಷಣ ನಿಲ್ಲಿಸಿ ನೋಡೋಣ ಅನ್ನುತ್ತೇನೆ. ಎಷ್ಟು ಚುರುಕಿನ ಬೆರಳಿದ್ದರೂ 0.01ಕ್ಕೆ ನಿಲ್ಲಿಸಲು ಆಗುವುದಿಲ್ಲ.

ಕೆಲವು ದಿನ ಸುಮ್ನೆ ಒಗಟಿನ ಹಾಗೆ ಬಿಡುತ್ತೇನೆ. ಜುಲೈ 18ಕ್ಕೆ ‘1.00’ ಅಂತ ಅಷ್ಟೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 14 ವರ್ಷದ ನಾಡಿಯಾ ಕೊಮನೆಚಿಗೆ ಜಿಮ್ನಾಸ್ಟಿಕ್ಸ್‌ನಲ್ಲಿ ಪೂರ್ತಿ ಹತ್ತು ಬಂತು. ಸ್ಕೋರ್‌ಬೋರ್ಡಿಗೆ 10.00 ತೋರಿಸಲು ಬರುತ್ತಿರಲಿಲ್ಲ.

ಮಾರ್ಚ್ 11ರದು ಬೇರೆಯೇ ಕಷ್ಟ. 2001ರಲ್ಲಿ ಅದೇ ದಿನ ಕೋಲ್ಕತ್ತದಲ್ಲಿ ಹರ್ಭಜನ್ ಹ್ಯಾಟ್ರಿಕ್, ಅದೇ ದಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಗೋಪಿಚಂದ್ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಿದ್ದು. ನಾನು ಗೋಪಿಚಂದ್ ಅವರದನ್ನು ಮೇಲೆ ಬರೆಯುತ್ತೇನೆ. ಕೆಳಗೆ, 1980ರ ಮಾರ್ಚ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಅದನ್ನೇ ಗೆದ್ದಿದ್ದರು ಅಂತ ಸೇರಿಸುತ್ತೇನೆ. ಕ್ರಿಕೆಟ್ಟಿಗೆ ಮಾರ್ಚ್ 14 ಹೇಗೂ ಇದೆಯಲ್ಲ, ಲಕ್ಷ್ಮಣ್ ಮತ್ತು ದ್ರಾವಿಡ್ ಒಂದೂ ವಿಕೆಟ್ ಬೀಳದ ಹಾಗೆ ಇಡೀ ದಿನ ಆಡಿದ್ದು.

ಫೆಬ್ರವರಿ 7 ಕುಂಬ್ಳೆಯವರ ದಿನ. 1999, ದೆಹಲಿಯ ಕೋಟ್ಲಾ, 26.3 ಓವರ್, 74 ರನ್ನಿಗೆ 10 ವಿಕೆಟ್. ಆದರೆ ನಾನು ಶ್ರೀನಾಥ್ ಹೆಸರನ್ನೂ ಅಷ್ಟೇ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಅವರು ಬೇಕೆಂದೇ ಆಫ್ ಸ್ಟಂಪಿನಿಂದ ದೂರ ಹಾಕಿದರು. ತನಗೆ ವಿಕೆಟ್ ಬೇಡ ಅಂತ ಒಬ್ಬ ವೇಗದ ಬೌಲರ್ ಚೆಂಡು ಹಾಕುವುದು ಎಂಥ ಮಾತು! ಮಕ್ಕಳಿಗೆ ಮೊದಲು ಅದು ಅರ್ಥವಾಗುವುದಿಲ್ಲ. ಕಬಡ್ಡಿ ಆಡಿಸುತ್ತಾ ಹೇಳಿದರೆ ಅರ್ಥವಾಗುತ್ತದೆ.

ಬೇಸಿಗೆ ರಜೆಯ ಪುಟಗಳನ್ನು ಮಕ್ಕಳಿಗೇ ಹಂಚಿಬಿಡುತ್ತೇನೆ, ತಮ್ಮ ತಮ್ಮ ತಾರೀಖನ್ನು ಮನೆಯಲ್ಲಿ ಹೇಳಬೇಕು ಅಂತ.

ಬೋರ್ಡಿನಿಂದ ಮೈದಾನಕ್ಕೆ ಇಳಿದದ್ದು 2023ರ ಆಗಸ್ಟ್ 7ರಂದು, ಸೋಮವಾರ. ಎರಡು ವರ್ಷದ ಹಿಂದೆ ಅದೇ ದಿನ ಟೋಕಿಯೊದಲ್ಲಿ ನೀರಜ್ ಚೋಪ್ರಾ ಎರಡನೇ ಎಸೆತದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದಿದ್ದರು. “ಅಂದ್ರೆ ಎಷ್ಟು ದೂರ ಸರ್?” ಅಂತ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು. ನನ್ನ ಟೇಪು 30 ಮೀಟರಿನದು. ಪಂಪಿನ ಮನೆ ಕಡೆಯಿಂದ ಶುರು ಮಾಡಿ ಒಂದು ಸಲ ಎಳೆದು ಗೂಟ ಹೊಡೆದೆವು. ಎರಡನೇ ಸಲಕ್ಕೆ ಮೈದಾನ ಮುಗಿದು ಕಾಂಪೌಂಡ್ ಬಂತು. ಗೇಟಿನಿಂದ ಹೊರಗೆ ಬಂದು, ಎರಡೂ ಕಡೆ ಇಬ್ಬರನ್ನು ನಿಲ್ಲಿಸಿ ಬೈಕುಗಳನ್ನು ತಡೆದು, ಟೇಪನ್ನು ರಸ್ತೆ ದಾಟಿಸಿದೆವು. 27.58 ಬಂದು ನಿಂತದ್ದು ಹಾಲಿನ ಡೈರಿಯ ಗೋಡೆಗೆ. ಮಕ್ಕಳು ತಿರುಗಿ ಪಂಪಿನ ಮನೆ ಕಡೆ ನೋಡಿದರು. ಅಲ್ಲಿ ನಿಂತಿದ್ದ ಹುಡುಗ ಬೆರಳುದ್ದ ಕಾಣಿಸುತ್ತಿದ್ದ. ಯಾರೂ ಮಾತಾಡಲಿಲ್ಲ.

ಡೈರಿಯವರನ್ನು ಕೇಳಿ ಆ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದೆವು. ಹೋದ ದೀಪಾವಳಿಗೆ ಅವರು ಇಡೀ ಗೋಡೆಗೆ ಸುಣ್ಣ ಹೊಡೆಸಿದರು. ಗೆರೆಯ ಜಾಗವನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.