ಐದು ಪೈಸೆ ಚೀಟಿ ಬಾಯಿ ಬಿಡಿಸಿದ್ದು

"ಯುದ್ಧದಿಂದ ನಿಮ್ಮ ಬದುಕು ಹೇಗೆ ಬದಲಾಯ್ತು ಅಜ್ಜಿ?" ಅಜ್ಜಿಯ ನೆನಪುಗಳನ್ನ ರೆಕಾರ್ಡ್ ಮಾಡಿಕೊಳ್ಳೋಕೆ ಹೋಗಿ ಮೂರು ಸಲ ಕೇಳಿದೆ. ಮೂರು ಸಲವೂ ಒಂದೇ ಉತ್ತರ: "ಏನಿಲ್ಲಪ್ಪ, ದೇವ್ರು ಕಾಪಾಡ್ದ."

ಅವರ ಯಜಮಾನರು 1971ರ ಯುದ್ಧಕ್ಕೆ ಹೋಗಿದ್ದವರು. ಈಗ ಇಲ್ಲ. ಮೊದಲ ಸಲ ವಿಡಿಯೋದವರನ್ನ ಕರೆದುಕೊಂಡು ಹೋದೆ, ದಿನಕ್ಕೆ ಆರು ಸಾವಿರದಷ್ಟು ಬಿತ್ತು. ಲೈಟ್ ಹತ್ತಿದ್ದೇ ತಡ, ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದು ಭಾಷಣ ಶುರು ಮಾಡಿದರು. ಎರಡನೇ ಸಲ ಹಳೇ ರೇಡಿಯೋ ಒಂದನ್ನ ಎಂಟುನೂರಕ್ಕೆ ಬಾಡಿಗೆ ತಂದು ಮುಂದಿಟ್ಟೆ, ನೆನಪು ಬರಲಿ ಅಂತ. "ನಮ್ಮನೇಲಿ ರೇಡಿಯೋ ಎಲ್ಲಿತ್ತು?" ಅಂದರು. ಅಲ್ಲಿಗೆ ಅದೂ ಮುಗೀತು. ಯಜಮಾನರು ಯಾವ ಗಡಿಯಲ್ಲಿ ಇದ್ದರು ಅಂತ ಕೇಳಿದ್ದೂ ದಡ್ಡತನವೇ. ಅವರ ಕಾಗದದ ವಿಳಾಸದಲ್ಲಿ ಬರೀ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ, ಅಂತ ಇರುತ್ತಿತ್ತು, ಊರಿನ ಹೆಸರೇ ಇಲ್ಲ. ಅಜ್ಜಿಗಾದರೂ ಹೇಗೆ ಗೊತ್ತಾಗಬೇಕು?

ಆಮೇಲೆ ಪ್ರಶ್ನೆ ಬಿಟ್ಟು ಅಜ್ಜಿಯ ಹಳೇ ಕಾಗದಗಳನ್ನ ಹಿಡಿದೆ. "ಸ್ಟಾಂಪ್ ನೋಡ್ಕೊಂಡು ಕೂತ್ರೆ ಸಂದರ್ಶನ ಆಗುತ್ತಾ?" ಅಂತ ಗೆಳೆಯರು ನಕ್ಕರು. ನಗಲಿ ಬಿಡಿ.

ಟ್ರಂಕಿನಲ್ಲಿ ತವರಿನಿಂದ ಬಂದ ಒಂದು ಕವರ್ ಇತ್ತು, ಡಿಸೆಂಬರ್ ಮೊದಲ ವಾರದ ಮುದ್ರೆ. 1971ರ ನವೆಂಬರ್ 15ರಿಂದ, ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಬಂದ ನಿರಾಶ್ರಿತರಿಗಾಗಿ ಕವರಿಗೆ ಐದು ಪೈಸೆಯ ಅಂಚೆ ಚೀಟಿ ಜಾಸ್ತಿ ಹಚ್ಚಬೇಕಿತ್ತು. ಇದರ ಮೇಲೆ ಅದು ಇರಲಿಲ್ಲ. ಸುಮ್ನೆ ಕೇಳಿದೆ, "ಇದಕ್ಕೆ ದಂಡ ಕಟ್ಟಿದ್ರಾ ಅಜ್ಜಿ?"

ಅಜ್ಜಿ ಕವರ್ ಕಿತ್ತುಕೊಂಡರು. "ಅವತ್ತು ಪೋಸ್ಟಿನವನು ಕಾಗ್ದ ಎಸ್ದು ಹೋಗ್ಲಿಲ್ಲ ಮಗಾ, ಬಾಗ್ಲು ತಟ್ಟಿದ. ಅವರು ಹೋದ್ರು ಅಂತ ತಂತಿ ಬಂತು ಅನ್ಕೊಂಡೆ. ಕೈಲಿದ್ದ ಚೊಂಬು ಬಿತ್ತು. ಅವ್ನು ನೋಡಿದ್ರೆ ಹತ್ತು ಪೈಸೆ ಕೊಡಮ್ಮ ಅಂತಾನೆ!" ನಕ್ಕರು. ನಗುತ್ತಾ ಇದ್ದವರು ಹಾಗೇ ನಿಂತುಬಿಟ್ಟರು.

ಅಲ್ಲಿಂದ ಸುಮಾರು ಎರಡೂವರೆ ಗಂಟೆ. ನಾನು ಕೇಳಿದ್ದು ನಾಲ್ಕೈದು ಮಾತು ಅಷ್ಟೇ. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ, ಹದಿಮೂರು ದಿನ ಅಂದೆ. "ನಿಮ್ಗೆ ಹದಿಮೂರು. ಅವರ ಕಾಗ್ದ ಬಂದದ್ದು ಸಂಕ್ರಾಂತಿ ಆದ್ಮೇಲೆ. ಅಲ್ಲೀವರೆಗೂ ನಾನು ಬಾಗ್ಲು ಹಾಕಿ ಮಲಗ್ಲಿಲ್ಲ."

ಕವರನ್ನ ಯಾವಾಗ ಕೈಗೆ ಕೊಡಬೇಕು, ಯಾವಾಗ ರೆಕಾರ್ಡರ್ ಆಫ್ ಮಾಡಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ. ಅದಕ್ಕೆ ನಾನು ಎರಡು ವರ್ಷ ಕಳೆದಿದ್ದೇನೆ.

ರೆಕಾರ್ಡ್ ಆದದ್ದನ್ನ ಕೇಳಿ ಟೈಪ್ ಮಾಡೋದು ಮಾತ್ರ ತಲೆನೋವು. ಒಂದು ಗಂಟೆ ಮಾತಿಗೆ ಐದಾರು ಗಂಟೆ ಕೆಲಸ. ಮೊದಲು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿದೆ. ಅಜ್ಜಿ ಸುಮ್ಮನಾದ ಜಾಗವನ್ನೆಲ್ಲ ಅವರು ಹಾರಿಸಿಬಿಟ್ಟಿದ್ದರು. ಈಗ ಕೂತು ನಾನೇ ತುಂಬುತ್ತಿದ್ದೇನೆ. ಚೊಂಬು ಬಿದ್ದ ಮಾತಿನ ನಂತರ, ಗಡಿಯಾರ ಹಿಡಿದು ನೋಡಿದರೆ, ನಲವತ್ತು ಸೆಕೆಂಡ್.