ನೆಟ್‌ವರ್ಕ್ ಮಾರ್ಕೆಟಿಂಗ್ ಮನುಷ್ಯನಿಂದ ದೇವಚಾರನ ಕಥೆ ಬರೆದುಕೊಳ್ಳುವುದು ಹೇಗೆ

ಗೋವಾದ ವಾಸ್ಕೊ, ಮಾಪುಸಾ ಕಡೆ ಇರುವ ನಮ್ಮ ಕನ್ನಡದವರಿಗೆ ಇಲ್ಲಿ ರಾತ್ರಿ ಊರು ಸುತ್ತುವ ದೇವಚಾರ, ವೇತಾಳರ ಕಥೆ ಬೇಕಿದ್ದರೆ ಮೊದಲು ಒಬ್ಬ ನೆಟ್‌ವರ್ಕ್ ಮಾರ್ಕೆಟಿಂಗ್ ಮನುಷ್ಯನನ್ನು ಹಿಡಿಯಿರಿ. ತಮಾಷೆ ಅಲ್ಲ. ನನಗೆ ಸಿಕ್ಕವರು ಮಹಾರಾಷ್ಟ್ರದ ಸಾವಂತವಾಡಿ ಕಡೆಯವರು. ಸುಸ್ತು ಕಳೆಯುತ್ತೆ ಅನ್ನುವ ಪೌಡರ್ ಡಬ್ಬಿ ಹಿಡಿದು ಸಿಂಧುದುರ್ಗದಿಂದ ಕಾಣಕೋಣದವರೆಗೆ ಮನೆಮನೆ ಸುತ್ತುತ್ತಾರೆ, ಡಬ್ಬಿ ಬೇಡ ಅಂದ ಮನೆಯವರೂ ಚಹಾ ಕೊಟ್ಟು ಕೂರಿಸಿಕೊಂಡು ಮಾತಾಡುತ್ತಾರೆ, ಹಾಗಾಗಿ ವ್ಯಾಪಾರ ಆಗದ ಕಡೆಯೂ ಕಥೆ ಸಿಕ್ಕಿದೆ.

ಮನೆಗೆ ಮಾತ್ರ ಕರೆಯಬೇಡಿ. ಚಹಾ ಅಂಗಡಿಯಲ್ಲಿ ಕೂರಿ, ಜೇಬಿನಲ್ಲಿ ಚಹಾದ ಕಾಸಷ್ಟೇ ಇರಲಿ. ನಾನು ಕರೆದಿದ್ದೆ. ಆ ಡಬ್ಬಿ ಇನ್ನೂ ಫ್ರಿಜ್ ಮೇಲಿದೆ. ಜನ ಸೇರಿಸಿದರೆ ಸಾಕು, ದುಡ್ಡು ಬರುತ್ತೆ ಅಂದರೆ ಅಲ್ಲೇ ತಡೆಯಿರಿ: ಅಂಥ ಪಿರಮಿಡ್ ಯೋಜನೆಯನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ದೆವ್ವ ನೋಡಿದ್ದೀರಾ ಅಂತ ಕೇಳಿದರೆ ಇಲ್ಲ ಅಂತಾರೆ, ಮಾತು ಮುಗೀತು. ಕತ್ತಲಾದ ಮೇಲೆ ಯಾವ ದಾರಿ ಹಿಡಿಯಲ್ಲ ಅಂತ ಕೇಳಿ. ನಮ್ಮ ಪೌಡರಿನವರು ಅದಕ್ಕೆ ಚಕವಾ ಕಥೆ ತೆಗೆದರು. ಚಕವಾ ಹಿಡಿದರೆ ಗೊತ್ತಿರುವ ಗದ್ದೆಯಲ್ಲೇ ದಾರಿ ತಪ್ಪಿ ಕೋಳಿ ಕೂಗುವ ತನಕ ಸುತ್ತುತ್ತಿರಬೇಕಂತೆ. ಕಥೆ ಚೆನ್ನಾಗಿತ್ತು, ಆದರೆ ಕೊನೆಗೆ ‘ಅವನಿಗೆ ನಮ್ಮ ಪೌಡರ್ ಕೊಟ್ಟಿದ್ದರೆ ಅಷ್ಟು ಸುಸ್ತಾಗುತ್ತಿರಲಿಲ್ಲ’ ಅಂದುಬಿಟ್ಟರು! ಈ ಬಾಲ ಬರುತ್ತಲೇ ಇರುತ್ತೆ, ಕತ್ತರಿಸಿ. ಯಾರ ಗದ್ದೆ, ಯಾವ ತಿಂಗಳು, ಪಕ್ಕದಲ್ಲಿ ಯಾವ ಮರ ಅಂತ ಕೇಳುತ್ತಾ ಹೋಗಿ. ನಾನು ಕೇಳಿದಾಗ, ‘ನಿಮ್ಮ ಕೆಳಗೆ ಇಬ್ಬರು, ಅವರ ಕೆಳಗೆ ನಾಲ್ವರು’ ಅಂತ ಸೊನ್ನೆ ಸುತ್ತಿದ್ದ ಹಾಳೆಯನ್ನೇ ತಿರುವಿ ಹಾಕಿ, ಅದೇ ಪೆನ್ನಿನಲ್ಲಿ ಗದ್ದೆಯ ಬದು ಬರೆದು ತೋರಿಸಿದರು.

ಹೆಸರು ಬದಲಿಸಬೇಡಿ. ಎಲ್ಲವನ್ನೂ ದೆವ್ವ ಅಂತ ಬರೆದರೆ ಕಥೆ ಕೆಟ್ಟಿತು. ದೇವಚಾರ ದೆವ್ವ ಅಲ್ಲ, ಊರಿನ ಗಡಿ ಕಾಯುವ ರಾಖಣದಾರ. ರಾತ್ರಿ ಕೋಲು ಹಿಡಿದು ಓಡಾಡುತ್ತಾನೆ, ರೊಟ್ಟಿ, ಬೀಡಿ, ಸೆರೆ ಇಟ್ಟು ನಡೆದುಕೊಳ್ಳುತ್ತಾರೆ. ವೇತಾಳ ಅಂದ ಕೂಡಲೇ ನಮಗೆ ವಿಕ್ರಮನ ಬೆನ್ನೇರಿದವನು ನೆನಪಾಗುತ್ತಾನೆ, ಅಲ್ವಾ? ಇಲ್ಲಿ ಆಮೋಣೆ, ಪೈಂಗಿಣಿಯಲ್ಲಿ ಅವನಿಗೆ ಗುಡಿ ಇದೆ. ವೇತಾಳನಿಗೆ ಚರ್ಮದ ಚಪ್ಪಲಿ ಹರಕೆ ಕೊಡುವ ಊರುಗಳಿವೆ, ರಾತ್ರಿ ತಿರುಗಿ ತಿರುಗಿ ಅಟ್ಟೆ ಸವೆದಿರುತ್ತೆ ಅಂತಾರೆ. ಮುಂಜಾ ನಮಗೆ ಸುಲಭ: ಮುಂಜಿಯಾಗಿ, ಮದುವೆಗೆ ಮೊದಲೇ ಸತ್ತ ಹುಡುಗ, ಅರಳಿಮರದಲ್ಲಿರುತ್ತಾನೆ.

ಒಂದು ತಿಂಗಳು ಬಿಟ್ಟು ಅದೇ ಕಥೆ ಮತ್ತೆ ಕೇಳಿ. ನೀರಿನಲ್ಲಿರುವ ಗಿರಾ ಕಥೆಯಲ್ಲಿ ಮೊದಲ ಸಲ ಬಾವಿ ಇತ್ತು, ಎರಡನೇ ಸಲ ಹೊಳೆಯಾಯಿತು. ತನ್ನ ಕೂದಲು ಕಿತ್ತು ಬಚ್ಚಿಟ್ಟವನಿಗೆ ಗಿರಾ ಮೀನು ತಂದುಕೊಡುವ ಮಾತು ಮಾತ್ರ ಎರಡು ಸಲವೂ ಹಾಗೇ ಇತ್ತು. ಅದರ ಕೆಳಗೆ ಗೆರೆ ಎಳೆದೆ.

ಸುಮ್ನೆ ಕೇಳುತ್ತಾ ಕೂರಬೇಡಿ, ನಿಮ್ಮದೂ ಒಂದು ಕೊಡಿ. ನಾನು ನಮ್ಮೂರಲ್ಲಿ ದೆವ್ವ ಬರದ ಹಾಗೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದನ್ನು ಹೇಳಿದೆ. ಈಗ ಅವರು ಮೀಟಿಂಗಿಗೆ ಕರೆದು ಫೋನ್ ಮಾಡಿದಾಗ ನಾನು ‘ನಾಳೆ’ ಅಂದರೆ ಸಾಕು, ಜೋರಾಗಿ ನಕ್ಕು ಇಟ್ಟುಬಿಡುತ್ತಾರೆ.